ಶರಣಪ್ಪನಿಗೆ ಕುರ್ಚಿ ಕೊಟ್ಟ ಕಥೆ

ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಮೇಲಿನ ಮಹಡಿಯ ಹುಡುಗಿಗೆ ಈಚೆಗೆ ಬೇಲಾಪುರದಲ್ಲಿ ಎಚ್ಚಾರ್ ಕೆಲಸ, ಅಂದರೆ ಸಿಬ್ಬಂದಿಯನ್ನು ನೋಡಿಕೊಳ್ಳುವ ಕೆಲಸ, ಸಿಕ್ಕಿತು. ಪೇಢೆ ಕೊಡಲು ಬಂದವಳು ಸೋಫಾದ ಮೇಲೆ ಕಾಲು ಮಡಚಿ ಕೂತು, "ಆಂಟಿ, ನಿಮ್ಮ ಕಾಲದಲ್ಲಿ ಆ್ಯಪ್ ಇರಲಿಲ್ಲ ಅಲ್ವಾ? ಟ್ಯಾಲೆಂಟ್ ಹೇಗೆ ಗುರುತಿಸ್ತಿದ್ರಿ?" ಎಂದು ಕೇಳಿದಳು.

"ಚಹಾ ಕುಡಿಸಿ" ಎಂದೆ.

ಅವಳು ನಕ್ಕಳು. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ನಾನು ನಿಜವನ್ನೇ ಹೇಳಿದ್ದೆ. ಪೇಢೆ ಚೆನ್ನಾಗಿದ್ದುದರಿಂದ ಅವಳಿಗೆ ಉಳಿದದ್ದನ್ನೂ ಹೇಳಬೇಕು ಅನ್ನಿಸಿತು. ಬಾಯಲ್ಲಿ ಹೇಳಿದರೆ ಅವಳು ಮಧ್ಯೆ ಮಧ್ಯೆ ಫೋನು ನೋಡುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ದುಡಿದದ್ದು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ. ಹೋಟೆಲುಗಳಿಗೆ ಬೇಕಾದ ಸ್ಟೀಲಿನ ಇಡ್ಲಿ ಸ್ಟೀಮರು, ಚಹಾದ ಡ್ರಮ್ಮು, ಸಾಂಬಾರಿನ ಹಂಡೆ ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ಮಾಲೀಕರು ಸದಾನಂದ ಶೆಟ್ಟರು. ಕಾಪು ಕಡೆಯಿಂದ ಬಂದು, ಮೊದಲು ಹೋಟೆಲು ನಡೆಸಿ, ಅಲ್ಲಿನ ಹಂಡೆಗಳು ಪದೇ ಪದೇ ಸೋರುತ್ತವೆ ಎಂಬ ಸಿಟ್ಟಿಗೆ ತಾವೇ ಹಂಡೆ ಮಾಡಲು ಹೊರಟವರು. ನನ್ನ ಕೆಲಸಕ್ಕೆ ಬಹಳ ಕಾಲ ಹೆಸರೇ ಇರಲಿಲ್ಲ. ಹಾಜರಿ, ರಜೆ, ಕ್ಯಾಂಟೀನಿನ ಮಜ್ಜಿಗೆ ನೀರಾಯಿತು ಎಂಬ ತಕರಾರು, ಗಂಡಸರ ಮುನಿಸು, ಹೆಂಗಸರ ಮುನಿಸು, ಎಲ್ಲವೂ ನನ್ನ ಟೇಬಲ್ಲಿಗೇ. ಆಮೇಲೆ ಯಾರೋ ನನ್ನ ಬಾಗಿಲಿಗೆ ಎಚ್ಚಾರ್ ಎಂದು ಬೋರ್ಡು ಹಾಕಿದರು. ತಕರಾರುಗಳು ಮಾತ್ರ ಬದಲಾಗಲಿಲ್ಲ.

ಈಗ ಚಹಾದ ವಿಷಯ. ಕೆಲಸ ಕೇಳಿ ಬಂದವರಿಗೆ ಶೆಟ್ಟರು ನಮ್ಮಲ್ಲೇ ತಯಾರಾದ ಸ್ಟೀಲಿನ ಲೋಟದಲ್ಲಿ ಚಹಾ ಕೊಡಿಸುತ್ತಿದ್ದರು. ಕುಡಿದು ಮುಗಿಸಿ ಲೋಟವನ್ನು ತಿರುಗಿಸಿ ಅಡಿಭಾಗ ನೋಡಿದವನಿಗೆ ಕೆಲಸ. ಸುಮ್ಮನೆ ಕುಡಿದು ಇಟ್ಟವನಿಗೆ "ಆಮೇಲೆ ಹೇಳಿ ಕಳಿಸ್ತೇವೆ". ಇಂಜಿನಿಯರಿಂಗ್ ಓದಿದವರು ಸರ್ಟಿಫಿಕೇಟಿನ ಫೈಲು ತೆರೆದು ಕೂತಿರುವಾಗ ಶೆಟ್ಟರ ಕಣ್ಣು ಲೋಟದ ಮೇಲೆ. ಒಬ್ಬ ಮಾತ್ರ ಚಹಾ ಇನ್ನೂ ಅರ್ಧ ಇರುವಾಗಲೇ ಲೋಟ ತಿರುಗಿಸಿ ಪ್ಯಾಂಟು ನೆನೆಸಿಕೊಂಡ. ಅವನನ್ನೂ ತೆಗೆದುಕೊಂಡರು. "ಆಸಕ್ತಿ ಉಂಟು, ಅಂದಾಜು ಇಲ್ಲ. ಅಂದಾಜು ಕಲಿಸ್ಲಿಕ್ಕಾಗ್ತದೆ" ಎಂದರು. ಅವನು ಮುಂದೆ ನಮ್ಮ ಸೇಲ್ಸ್‌ನಲ್ಲಿ ಚೆನ್ನಾಗಿಯೇ ಬಾಳಿದ.

ಶರಣಪ್ಪ ಬಂದದ್ದೂ ಹೀಗೆಯೇ. ಕಲಬುರಗಿ ಕಡೆಯವನು, ಕಲ್ಯಾಣದ ಸಾಲುಮನೆಗಳ ಚಾಳಿನಲ್ಲಿ ವಾಸ, ಅದುವರೆಗೆ ಕಟ್ಟಡದ ಕೆಲಸ. ಚಹಾ ಕುಡಿದ, ಲೋಟ ತಿರುಗಿಸಿದ, ಅಡಿಯ ಮೇಲೆ ಹೆಬ್ಬೆರಳು ಓಡಿಸಿದ, ಆಮೇಲೆ ಬಹಳ ಸಂಕೋಚದಿಂದ ನನ್ನ ಕಡೆ ತಿರುಗಿ, "ಬಾಯಾರ, ತಳಾ ಸರಿ ಉಜ್ಜಿಲ್ರಿ ಇದು" ಎಂದ. ಶೆಟ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. ಅವತ್ತೇ ಅವನನ್ನು ಪಾಲಿಶ್ ಮಾಡುವ ಬಫಿಂಗ್ ಚಕ್ರದ ಮುಂದೆ ನಿಲ್ಲಿಸಿದರು.

ಆ ಚಕ್ರದ ಮುಂದೆ ನಿಂತವರ ಮುಖ ಸಂಜೆಗೆ ಕರ್ರಗಾಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿವಿಯ ಸಂದಿಯವರೆಗೂ ಮಸಿ ಬಳಿದುಕೊಂಡು ಶರಣಪ್ಪ ಹಂಡೆಗಳನ್ನು ಕನ್ನಡಿ ಮಾಡುತ್ತಿದ್ದ. ಕೆಲಸ ಮಾಡುವಾಗ ಬಟ್ಟೆಯ ಒಳಗೇ ಏನೋ ಗುನುಗುತ್ತಿದ್ದ. ಚಕ್ರದ ಸದ್ದಿನಲ್ಲಿ ಯಾವ ಹಾಡು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಪಾಲಿಶ್ ಮಾಡಿದ ಡ್ರಮ್ಮಿನ ಮುಂದೆ ನಿಂತು ಪ್ಯಾಕಿಂಗಿನ ಹೆಂಗಸರು ತಲೆ ಬಾಚಿಕೊಳ್ಳುತ್ತಾರೆಂದು ನನಗೆ ದೂರು ಬಂದಿತ್ತು. ನಾನು ವಿಚಾರಣೆಗೆ ಹೋಗಿ ನನ್ನ ಕುಂಕುಮವನ್ನೂ ಸರಿ ಮಾಡಿಕೊಂಡು ಬಂದೆ.

ಇನ್ನು ನಮ್ಮ ಶೆಟ್ಟರಿಗೆ ಒಂದು ದೌರ್ಬಲ್ಯ ಇತ್ತು. ದಸರೆಯ ಆಯುಧಪೂಜೆಯ ದಿನ ಮಷೀನುಗಳಿಗೆ ಹೂ ಹಾಕಿ, ಆರತಿ ಎತ್ತಿ, ತೆಂಗಿನಕಾಯಿ ಒಡೆಯುವ ಹೊತ್ತಿಗೆ ಅವರ ಎದೆ ತುಂಬಿ ಬರುತ್ತಿತ್ತು. ತುಂಬಿದ ಎದೆಯಿಂದ ಬಡ್ತಿಗಳು ಉದುರುತ್ತಿದ್ದವು. ನನ್ನನ್ನು ಕೇಳುವುದಿಲ್ಲ, ಮ್ಯಾನೇಜರರನ್ನು ಕೇಳುವುದಿಲ್ಲ, ಬಾಯಿಗೆ ಬಂದದ್ದೇ ಆಜ್ಞೆ. ದೇವರ ಎದುರು, ಕಾಯಿ ಒಡೆದು ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವವರೂ ಅಲ್ಲ. ಹೀಗಾಗಿ ಪ್ರತಿ ದಸರೆಗೂ ನಾನು ಪ್ರಸಾದಕ್ಕಿಂತ ಹೆಚ್ಚಾಗಿ ಅವರ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಆ ವರ್ಷ ನಮ್ಮ ಹಳೆಯ ಸೂಪರ್‌ವೈಸರರು ಊರಿಗೆ ಹೋಗಿ ನೆಲೆಸಿದ್ದರು. ಶೆಟ್ಟರು ಬಫಿಂಗ್ ಚಕ್ರಕ್ಕೆ ಕಾಯಿ ಒಡೆದರು, ಪಕ್ಕದಲ್ಲಿ ಮುಖ ತೊಳೆದು ಬಿಳಿ ಅಂಗಿ ತೊಟ್ಟು ನಿಂತಿದ್ದ ಶರಣಪ್ಪನನ್ನು ನೋಡಿದರು, ಅಷ್ಟೇ. "ನಾಳೆಯಿಂದ ಇಡೀ ಶೆಡ್ಡಿಗೆ ನಮ್ಮ ಶರಣಪ್ಪನೇ ಸೂಪರ್‌ವೈಸರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಶರಣಪ್ಪನಿಗೆ ಏನು ನಡೆಯಿತೆಂದು ತಿಳಿಯುವ ಮೊದಲೇ ಯಾರೋ ಅವನ ಬಾಯಿಗೆ ಪೇಢೆ ತುರುಕಿದ್ದರು. ಬೇಡ ಎನ್ನಬೇಕೆಂದಿದ್ದನಂತೆ, ಪೇಢೆ ಅಡ್ಡ ಬಂತಂತೆ. ಇದನ್ನು ಅವನು ನನಗೆ ಹೇಳಿದ್ದು ಬಹಳ ಆಮೇಲೆ.

ಮಹಡಿಯ ಮೇಲೆ ಗಾಜಿನ ಕ್ಯಾಬಿನ್, ಅದರಲ್ಲಿ ತಿರುಗುವ ಕುರ್ಚಿ, ಅದರಲ್ಲಿ ಶರಣಪ್ಪ. ಅವನಿಗೆ ಯಾರಿಗೂ ಏನೂ ಹೇಳಲು ಬಾಯಿಯೇ ಬರುತ್ತಿರಲಿಲ್ಲ. "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ, ನಿಮಗ ಪುರಸತ್ತ ಇದ್ರ ಆ ಹಂಡಿ ಒಂಚೂರು..." ಎಂದು ಶುರು ಮಾಡುವಷ್ಟರಲ್ಲಿ ಅಣ್ಣ ಚಹಾಕ್ಕೆ ಹೋಗಿರುತ್ತಿದ್ದ. ಯಾರಾದರೂ ತಡವಾಗಿ ಬಂದರೆ ಬೈಯುವ ಬದಲು ಅವನ ಕೆಲಸವನ್ನು ತಾನೇ ಮಾಡಿ ಮುಗಿಸುತ್ತಿದ್ದ. ಇದು ತಿಳಿದ ಮೇಲೆ ತಡವಾಗಿ ಬರುವವರ ಸಂಖ್ಯೆ ಏರಿತು. ಇಬ್ಬರು ಜಗಳಕ್ಕೆ ನಿಂತರೆ ಇವನು ಕಾಣೆಯಾಗುತ್ತಿದ್ದ. ನೋಡಿದರೆ ನನ್ನ ಆಫೀಸಿನ ಬಾಗಿಲ ಹಿಂದೆ ನಿಂತಿರುತ್ತಿದ್ದ. ಅತ್ತ ಚಕ್ರದ ಮುಂದೆ ಹೊಸಬರು ನಿಂತು ಹಂಡೆಗಳು ಮಬ್ಬಾಗಿ ಹೊರಬರತೊಡಗಿದವು. ಒಳ್ಳೆಯ ಪಾಲಿಶ್‌ನವನೂ ಹೋದ, ಸೂಪರ್‌ವೈಸರನೂ ಸಿಗಲಿಲ್ಲ.

ಶೆಟ್ಟರು ಅವನನ್ನು ಬೇಲಾಪುರದಲ್ಲಿ ನಡೆದ ನಾಯಕತ್ವ ತರಬೇತಿಗೆ ಕಳಿಸಿದರು. ಟೈ ಕಟ್ಟಿದ ತರಬೇತುದಾರರು ಎಲ್ಲರಿಗೂ ಬಲೂನು ಊದಿಸಿದರಂತೆ, ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿಸಿದರಂತೆ. "ಏನು ಕಲಿತೆ ಶರಣಪ್ಪ?" ಎಂದು ಕೇಳಿದೆ. "ಬಾಯಾರ, ಆ ಹಾಲ್‌ನಾಗ ಚಾದ ಡ್ರಮ್ ಇತ್ತು. ನಮ್ದಲ್ರಿ. ಬರೇ ಗೀರು" ಎಂದ. ಊಟದ ಬಿಡುವಿನಲ್ಲಿ ತನ್ನ ಕರವಸ್ತ್ರದಿಂದ ಅದನ್ನು ಉಜ್ಜಿ ಬಂದಿದ್ದ.

ನನಗೆ ನಗು ಬಂದದ್ದು ಅಲ್ಲಿಯವರೆಗೆ. ಒಂದು ಮಧ್ಯಾಹ್ನ ಅವನ ಮಗಳು ಸವಿತಾ ನನ್ನ ಆಫೀಸಿಗೆ ಬಂದಳು. ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ.

"ಆಂಟಿ, ಪಪ್ಪಾ ಕೋ ವಾಪಸ್ ಮಷೀನ್ ಪೇ ಭೇಜೋ ನಾ."

ಅಪ್ಪನನ್ನು ಮತ್ತೆ ಮಷೀನಿಗೇ ಕಳಿಸಿ ಎಂದು ಕೇಳಲು ಅವಳು ಕಾಲೇಜು ತಪ್ಪಿಸಿ ಬಂದಿದ್ದಳು. ಅಪ್ಪ ಮನೆಗೆ ಬಂದ ಕೂಡಲೇ ಮೂಲೆಯಲ್ಲಿ ಕೂತು ಪಾತ್ರೆ ಉಜ್ಜುತ್ತಾನಂತೆ. ತಟ್ಟೆ, ಚೊಂಬು, ಹಾಲಿನ ಪಾತ್ರೆ, ಎಲ್ಲ ಮುಗಿದು ಈಗ ಚಾಳಿನವರೂ ತಮ್ಮ ಪಾತ್ರೆ ತಂದಿಡುತ್ತಾರಂತೆ. ಅಮ್ಮನಿಗೆ ನಾಚಿಕೆ. ತಟ್ಟೆಗಳು ಸವೆದು ಹೆಸರು ಕೆತ್ತಿಸಿದ್ದೂ ಅಳಿಸಿ ಹೋಗಿದೆ. ಗುನುಗುವುದನ್ನು ನಿಲ್ಲಿಸಿಬಿಟ್ಟಿದ್ದಾನೆ.

"ಅವನೇ ಬಂದು ನನಗೆ ಹೇಳಬಹುದಲ್ಲ?" ಎಂದೆ.

ಅವಳು ತಲೆ ತಗ್ಗಿಸಿದಳು. ಅವಳಿಗೆ ವಿಜಯಪುರ ಕಡೆಯ, ಈಗ ತುರ್ಭೆಯಲ್ಲಿರುವ ಮನೆತನದಲ್ಲಿ ಗಂಡು ನಿಶ್ಚಯವಾಗಿತ್ತು. ಹುಡುಗನನ್ನು ಅವಳೂ ಮೆಚ್ಚಿದ್ದಳು. ಮಾತುಕತೆ ನಡೆದದ್ದು ಶರಣಪ್ಪ ಸೂಪರ್‌ವೈಸರ್ ಆದ ಮೇಲೆ. ಈಗ ಕುರ್ಚಿ ಹೋದರೆ ಬೀಗರ ಎದುರು ಅಪ್ಪ ತಲೆ ಎತ್ತುವುದು ಹೇಗೆ, ಸಂಬಂಧ ಉಳಿಯುವುದು ಹೇಗೆ ಎಂದು ಅವನು ಹಲ್ಲು ಕಚ್ಚಿ ಕೂತಿದ್ದ. "ಶಾದಿ ಟೂಟ್ ಜಾಯೇ ತೋ ಭೀ ಚಲೇಗಾ" ಎಂದಳು. ಮದುವೆ ಮುರಿದರೂ ಪರವಾಗಿಲ್ಲ ಎಂದು ಬಾಯಿ ಹೇಳಿತು, ಕಣ್ಣು ಬೇರೆ ಹೇಳುತ್ತಿತ್ತು.

ನೇರ ಶೆಟ್ಟರ ಬಳಿ ಹೋದೆ. ನಾವಿಬ್ಬರೂ ತುಳುವಿನಲ್ಲೇ ಮಾತಾಡುವವರು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ಅವನನ್ನು ಮತ್ತೆ ಚಕ್ರಕ್ಕೆ ಹಾಕಿ ಶೆಟ್ರೆ."

"ಅದೆಂಥ ಮಾತು ಮಾರಾಯ್ತಿ? ದೇವರ ಎದುರು ಹೇಳಿದ್ದನ್ನು ತಿರುಗಿಸ್ಲಿಕ್ಕುಂಟಾ?"

"ಹಾಗಾದರೆ?"

"ನಾನೂ ಯೋಚನೆ ಮಾಡಿದೆ. ಆರ್ಡರೆಲ್ಲ ತಡ ಆಗ್ತಾ ಉಂಟು. ಕೆಳಗೆ ಇಳಿಸ್ಲಿಕ್ಕೆ ಆಗುದಿಲ್ಲ. ಮರ್ಯಾದೆಯಲ್ಲಿ ಕೆಲಸದಿಂದಲೇ ಬಿಡಿಸಿ ಕಳಿಸುವಾ."

ಅವರ ಪ್ರಕಾರ ಕೆಲಸದಿಂದ ತೆಗೆದರೆ ದೇವರಿಗೆ ಬೇಸರವಿಲ್ಲ, ಕುರ್ಚಿಯಿಂದ ಇಳಿಸಿದರೆ ಬೇಸರ. ಈ ಶಾಸ್ತ್ರ ಯಾವ ಮಠದಲ್ಲಿ ಕಲಿತರೋ. ನಾನು ವಾದ ಮಾಡಲಿಲ್ಲ. "ಹುದ್ದೆಯ ಹೆಸರು ಅವನಿಗೇ ಇರಲಿ, ಶೆಡ್ಡು ನಡೆಸಲು ಬೇರೆಯವರನ್ನು ನೋಡೋಣ" ಎಂದೆ. ಯಾರನ್ನು ಎಂದು ಕೇಳಿದರು. ಮರುದಿನ ಹೇಳುತ್ತೇನೆ ಎಂದೆ. ನಿಜಕ್ಕೂ ನನ್ನ ತಲೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಾನು ಎಂದಿನಂತೆ ಕಿಟಕಿಯ ಪಕ್ಕ ಕೂತಿದ್ದೆ. ಮುಂಬ್ರಾ ಸ್ಟೇಷನ್ ಬಂತು. ಅರ್ಧ ದಾರಿ ಕೂತವರು ಅಲ್ಲಿ ಎದ್ದು, ನಿಂತವರಿಗೆ ಸೀಟು ಬಿಡುವುದು ನಮ್ಮ ಡಬ್ಬಿಯ ರೂಢಿ. "ಚಲಾ, ಉಠಾ" ಎಂದು, ಏಳಿ ಎನ್ನುವ ಮರಾಠಿ ದನಿ ಬಂತು. ನಾನು ಎದ್ದೆ. ನನ್ನ ಸೀಟಿನಲ್ಲಿ ಕೋಪರದಿಂದ ನಿಂತು ಬಂದವಳು ಕೂತಳು. ಇಡೀ ಡಬ್ಬಿಯಲ್ಲಿ ಅರ್ಧ ಜನ ಎದ್ದರು, ಅರ್ಧ ಜನ ಕೂತರು, ಒಬ್ಬರೂ ಗೊಣಗಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಆ ದನಿಗೆ ಎದ್ದು ನಿಲ್ಲುತ್ತಿದ್ದೆ. ಅವತ್ತು ಮೊದಲ ಸಲ ತಿರುಗಿ ಆ ದನಿಯವಳನ್ನು ನೋಡಿದೆ. ನಮ್ಮದೇ ಪ್ಯಾಕಿಂಗಿನ ವಂದನಾ.

ಯಾರು ಎಲ್ಲಿ ಇಳಿಯುತ್ತಾರೆ, ಯಾರಿಗೆ ಮಂಡಿನೋವು, ಯಾರು ಬಸುರಿ, ಯಾರು ಸುಮ್ಮನೆ ಸೊಂಟನೋವು ಎಂದು ನಾಟಕ ಆಡುತ್ತಾರೆ, ಎಲ್ಲ ಅವಳ ತಲೆಯಲ್ಲಿ. ನಾಟಕದವಳಿಗೆ ಅವಳು ಸೀಟನ್ನೂ ಕೊಡುತ್ತಿರಲಿಲ್ಲ, ಅವಮಾನವನ್ನೂ ಮಾಡುತ್ತಿರಲಿಲ್ಲ. ಈ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಿರಲಿಲ್ಲ. ಕಾರ್ಖಾನೆಯಲ್ಲಿ ಅವಳು ತಲೆ ಬಗ್ಗಿಸಿ ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದಳು. ನಾನು ಅವಳ ಬಗ್ಗೆ ಪ್ರತಿ ವರ್ಷವೂ "ಮಿತಭಾಷಿ" ಎಂದು ಬರೆಯುತ್ತಿದ್ದೆ.

ಶೆಟ್ಟರು ನಂಬಲಿಲ್ಲ. "ಪ್ಯಾಕಿಂಗಿನವಳಾ? ಅವಳಿಗೆ ಎಂಥ ಅನುಭವ ಉಂಟು?"

"ಡೊಂಬಿವಲಿಯಿಂದ ಠಾಣೆವರೆಗೆ" ಎಂದೆ.

ಲೋಕಲಿನಲ್ಲಿ ಕಂಡದ್ದನ್ನೂ ಹೇಳಿದೆ. ಅಷ್ಟಕ್ಕೆ ಒಪ್ಪುವವರಾ? ನೌಪಾಡಾದ ಮನೆಯಿಂದ ಅವರಿಗೆ ಊಟ ತಂದಿದ್ದ ಅವರ ಹೆಂಡತಿ ಅಲ್ಲೇ ಡಬ್ಬಿ ಬಿಚ್ಚಿ ಬಡಿಸುತ್ತಿದ್ದರು. ಡೊಂಬಿವಲಿಯ ತಂಗಿಯ ಮನೆಗೆ ಆಗಾಗ ಹೋಗಿ ಬರುವವರು. "ಮೂಗಿಗೆ ಹಸಿರು ಕಲ್ಲಿನ ನತ್ತು ಹಾಕಿದವಳಾ?" ಎಂದು ಕೇಳಿದರು. ಹೌದು ಎಂದೆ. "ನನ್ನನ್ನೂ ಎಬ್ಬಿಸಿದ್ದಾಳೆ" ಎಂದರು. ಶೆಟ್ಟರು ಬಾಯಿಗಿಟ್ಟ ತುತ್ತನ್ನು ಅಲ್ಲೇ ನಿಲ್ಲಿಸಿದರು. ಮದುವೆಯಾದಾಗಿನಿಂದ ಆ ಹೆಂಗಸನ್ನು ಯಾರೂ, ಅವರೂ ಸೇರಿದಂತೆ, ಕೂತಲ್ಲಿಂದ ಎಬ್ಬಿಸಿದ್ದನ್ನು ಅವರು ಕಂಡಿರಲಿಲ್ಲ. "ಎದ್ದೆಯಾ?" ಎಂದರು. "ಎದ್ದೆ. ಸಿಟ್ಟು ಸಹ ಬರಲಿಲ್ಲ" ಎಂದರು ಆಕೆ. ಅಲ್ಲಿಗೆ ವಂದನಾಳ ಸಂದರ್ಶನ ಮುಗಿಯಿತು.

ವಂದನಾ ಶೆಡ್ಡಿಗಿಳಿದ ಮೇಲೆ ತಡವಾಗಿ ಬರುವವರು ಹೊತ್ತಿಗೆ ಸರಿಯಾಗಿ ಬರತೊಡಗಿದರು. ಶರಣಪ್ಪನಿಗೆ ನಾನು ಹೇಳಿದೆ: ಸೂಪರ್‌ವೈಸರ್ ಎಂಬ ಹೆಸರು ನಿನ್ನದೇ, ಆದರೆ ಪಾಲಿಶ್ ವಿಭಾಗಕ್ಕೆ ಮಾತ್ರ, ಹೊಸಬರಿಗೆ ಕಲಿಸು, ನೀನೂ ಚಕ್ರದ ಮುಂದೆ ನಿಲ್ಲು. ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ಬಾಯಾರ, ಬರೂ ಸೋಮವಾರ ಬೀಗರು ಕಾರ್ಖಾನಿ ನೋಡ್ಲಿಕ್ಕ ಬರ್ತಾರ. ಅದೊಂದಿನ ಮ್ಯಾಲ ಕ್ಯಾಬಿನ್‌ನಾಗ ಕೂಡ್ಲಿಕ್ಕ ಬಿಡ್ರಿ. ಅಂವ್ರು ಹೋಗೂ ತನಕಾ ಸಾಕು."

ನನಗೆ ಇಷ್ಟವಿರಲಿಲ್ಲ. ಆದರೆ ಅವನು ಕೈ ಮುಗಿದು ನಿಂತಿದ್ದ. ಹೂಂ ಎಂದೆ.

ಸೋಮವಾರ ಶರಣಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ನಾನು, ಶೆಟ್ಟರು ಆಫೀಸಿನ ಗೇಟಿನಲ್ಲಿ ಹೂವಿನ ಹಾರ ಹಿಡಿದು ನಿಂತೆವು. ಹೇಳಿದ ಹೊತ್ತು ಮೀರಿತು. ಬೀಗರು ಬರಲಿಲ್ಲ.

ನಮ್ಮ ತಲೆಗೆ ಹೊಳೆಯದ ಒಂದು ವಿಷಯ ಇತ್ತು. ಬೀಗರಾದ ಮಲ್ಲಪ್ಪನವರು ತುರ್ಭೆಯ ಫರ್ನಿಚರ್ ಗೋದಾಮಿನಲ್ಲಿ ಲೋಡಿಂಗ್ ಮಾಡುವವರು. ಯಾವ ಕಾರ್ಖಾನೆಗೆ ಹೋದರೂ ಅವರ ಕಾಲು ಲಾರಿ ನಿಲ್ಲುವ ಹಿಂದಿನ ಗೇಟಿಗೇ ಹೋಗುತ್ತದೆ. ಅವರು ಆಗಲೇ ಅಲ್ಲಿಂದ ಒಳಗೆ ಬಂದಾಗಿತ್ತು. ಇತ್ತ ಶರಣಪ್ಪ ಕ್ಯಾಬಿನ್ನಿನ ಗಾಜಿನಿಂದ ಕೆಳಗೆ ನೋಡಿದ್ದಾನೆ. ಒಬ್ಬ ಹೊಸಬ ದೊಡ್ಡ ಹಂಡೆಯ ಮುಚ್ಚಳವನ್ನು ಕೆಡಿಸುತ್ತಿದ್ದ. ಒಂದೇ ನಿಮಿಷ ಎಂದುಕೊಂಡು ಇಳಿದು, ಅಂಗಿ ಬಿಚ್ಚಿಟ್ಟು, ಮೂಗಿಗೆ ಬಟ್ಟೆ ಕಟ್ಟಿ ಚಕ್ರದ ಮುಂದೆ ನಿಂತಿದ್ದಾನೆ. ಆ ನಿಮಿಷ ಮುಗಿಯಲೇ ಇಲ್ಲ.

ಮುಂದಿನದನ್ನು ಕಣ್ಣಾರೆ ಕಂಡು ನನಗೆ ಹೇಳಿದವಳು ವಂದನಾ. ಮಲ್ಲಪ್ಪನವರು ಆ ಮುಚ್ಚಳದ ಮುಂದೆ ನಿಂತರು. ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ತಲೆಯ ರುಮಾಲು ಸರಿ ಮಾಡಿಕೊಂಡರು. ಆಮೇಲೆ ಮಸಿ ಮುಖದವನನ್ನು ಕೇಳಿದರು, "ತಮ್ಮಾ, ಸೂಪರ್‌ವೈಸರ್ ಶರಣಪ್ಪನವರು ಎಲ್ಲಿ ಅದಾರ?"

ಶರಣಪ್ಪ ಬಟ್ಟೆಯ ಒಳಗಿಂದಲೇ, ದನಿ ಬದಲಿಸಿ, "ಮ್ಯಾಲ ಕೂತಾರ್ರಿ" ಎಂದು ಮಹಡಿಯ ಕಡೆ ಕೈ ತೋರಿಸಿದ.

"ಭಾರಿ ಕೆಲಸಗಾರ ಅದಿಯಪಾ ನೀ" ಎಂದು ಬೆನ್ನು ತಟ್ಟಿ ಮಲ್ಲಪ್ಪನವರು ಮೆಟ್ಟಿಲು ಹತ್ತಿದರು.

ಸುದ್ದಿ ತಿಳಿದು ನಾವು ಗೇಟಿನಿಂದ ಓಡಿ ಬಂದು ಅವರನ್ನು ಕ್ಯಾಬಿನ್ನಿನಲ್ಲಿ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಶರಣಪ್ಪ ಮುಖದಿಂದ ನೀರು ಸುರಿಸುತ್ತ, ಗುಂಡಿ ತಪ್ಪಿದ ಅಂಗಿಯಲ್ಲಿ ಬಂದು ಕುರ್ಚಿಯ ಮೇಲೆ ಕೂತ. ಚಹಾ ಬಂತು. ಮಲ್ಲಪ್ಪನವರಿಗೆ ಇನ್ನೂ ಆ ಮುಚ್ಚಳದ್ದೇ ಧ್ಯಾನ.

"ಶೆಟ್ರ, ಕೆಳಗ ಒಬ್ಬಾಂವ ಅದಾನ್ರಿ. ಮುಖ ಕಾಣಲಿಲ್ಲ, ಆದ್ರ ಅಂವನ ಕೈ ನೋಡೇನಿ. ಅಂಥಾವ್ನ ಕಳಕೋಬ್ಯಾಡ್ರಿ. ಬೀಗರ, ನಿಮ್ಮ ಕೈ ಕೆಳಗಿನಾಂವ ಅಲ್ರಿ ಅಂವ?"

ಶೆಟ್ಟರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಶರಣಪ್ಪ ಬೀಗರಿಗೆ ಚಹಾದ ಲೋಟ ಕೊಡಲು ಕೈ ಚಾಚಿದ. ಮುಖ ತೊಳೆದಿದ್ದ, ಕೈಯನ್ನೂ ತೊಳೆದಿದ್ದ. ಉಗುರಿನ ಸುತ್ತ, ಬೆರಳಿನ ಗೆರೆಗಳಲ್ಲಿ, ಮಣಿಕಟ್ಟಿನವರೆಗೆ ಮಸಿ ಹಾಗೇ ಇತ್ತು.

ಮಲ್ಲಪ್ಪನವರು ಲೋಟ ತೆಗೆದುಕೊಳ್ಳಲಿಲ್ಲ. ಆ ಕೈಯನ್ನೇ ಹಿಡಿದರು. ತಿರುಗಿಸಿ ಅಂಗೈ ನೋಡಿದರು.

"ಬೀಗರ, ಆಗ ಕೆಳಗ ಯಾಕ ಹೇಳಲಿಲ್ಲ?"

ಶರಣಪ್ಪ ನೆಲ ನೋಡುತ್ತ ಹೇಳಿದ, "ನೀವು ಈ ಕುರ್ಚಿ ನೋಡಿ ನನ್ನ ಮಗಳ್ನ ಕೇಳೀರಿ ಅಂದ್ಕೊಂಡಿದ್ದೆರಿ. ಇದು ನನ್ಗ ಒಗ್ಗವಲ್ದು. ಇಳದ್ರ ನೀವೆಲ್ಲಿ..."

ಮಲ್ಲಪ್ಪನವರು ಎದ್ದು ನಿಂತರು. ಸಂಬಂಧ ಮುರಿಯಿತು ಎಂದುಕೊಂಡೆ ನಾನು, ಸವಿತಾಳ ಮುಖ ಕಣ್ಣ ಮುಂದೆ ಬಂತು. ಅವರು ಶರಣಪ್ಪನನ್ನು ತೋಳು ಹಿಡಿದು ಎಬ್ಬಿಸಿದರು, ಆ ತಿರುಗುವ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಗೋಡೆಯ ಪಕ್ಕಕ್ಕಿಟ್ಟರು.

"ನಾ ದಿನಾ ಇಂಥಾವು ಲಾರಿಗಿ ಏರಿಸ್ತೀನ್ರಿ. ಕುರ್ಚಿ ಎಷ್ಟು ಹಗೂರ ಇರ್ತೈತಿ ಅಂತ ನನಗ ಗೊತ್ತಿಲ್ಲೇನ್ರಿ?"

ಶರಣಪ್ಪ ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ. ಅಳು ಕಂಡರಾಗದ ಶೆಟ್ಟರು "ಚಹಾ ಆರಿತು, ಬೇರೆ ತರ್ಲಿ" ಎಂದು ಯಾರಿಗೋ ಕೂಗಿದರು. ಬಿಸಿ ಚಹಾ ಬಂತು. ಮಲ್ಲಪ್ಪನವರು ನಿಂತೇ ಕುಡಿದರು, ಲೋಟವನ್ನು ತಿರುಗಿಸಿ ಅದರ ಅಡಿ ನೋಡಿದರು, ಶರಣಪ್ಪನ ಕಡೆ ತೋರಿಸಿ ತಲೆದೂಗಿದರು. ಶೆಟ್ಟರು ನನ್ನ ಕಿವಿಯ ಬಳಿ ಬಗ್ಗಿ, ಇವರು ತುರ್ಭೆಯ ಕೆಲಸ ಬಿಟ್ಟು ಬರುತ್ತಾರೋ ಕೇಳಿ ನೋಡಿ ಎಂದು ತುಳುವಿನಲ್ಲಿ ಪಿಸುಗುಟ್ಟಿದರು.

ಮರುವರ್ಷದ ದಸರೆಗೆ ಶೆಟ್ಟರು ಕಾಯಿ ಒಡೆದು, ಎದೆ ತುಂಬಿ, ಬಾಯಿ ತೆರೆದರು. ವಂದನಾ ಎರಡು ಪೇಢೆ ಒಟ್ಟಿಗೇ ಅವರ ಬಾಯಿಗೆ ಹಾಕಿದಳು. ಅದನ್ನು ನುಂಗುವಷ್ಟರಲ್ಲಿ ಆರತಿ ಮುಗಿದು, ಚಕ್ರ ತಿರುಗಿ, ಅದರ ಮುಂದೆ ನಿಂತ ಶರಣಪ್ಪ ಬಟ್ಟೆಯ ಒಳಗೇ ಗುನುಗಲು ಶುರು ಮಾಡಿದ್ದ.